ಪಾಠಾಂತರವೋ ದೋಷವೋ: ಡೇಟಾಬೇಸ್ ಪರೀಕ್ಷೆಗಳ ಅನಿಯತ ವೈಫಲ್ಯ

ಒಂದೇ ಕಥನವನ್ನು ಒಬ್ಬನೇ ಕಲಾವಿದ ಎರಡು ಸಂದರ್ಭಗಳಲ್ಲಿ ಹಾಡಿದಾಗ ಪಾಠ ಬೇರೆಯಾಗುವುದು ಕ್ಷೇತ್ರಕಾರ್ಯ ಮಾಡಿದವರಿಗೆಲ್ಲ ತಿಳಿದ ಸಂಗತಿ. ಬೇರೆಯಾದುದು ಪಾಠಾಂತರವೋ, ಬರೆದುಕೊಂಡವರ ತಪ್ಪೋ ಎಂದು ನಿರ್ಧರಿಸುವುದೇ ಸಂಪಾದಕನ ಕಷ್ಟ. ನಮ್ಮ ಸಂಗ್ರಹಗಳನ್ನು ಇಂದು ಕಾಪಿಡುವ ಡೇಟಾಬೇಸ್ ತಂತ್ರಾಂಶಗಳನ್ನು ಕಟ್ಟುವವರಿಗೂ ಇದೇ ಕಷ್ಟವಿದೆ.

ಪೋಸ್ಟ್‌ಗ್ರೆಸ್‌ಕ್ಯೂಎಲ್ ಎಂಬ ಮುಕ್ತ ತಂತ್ರಾಂಶವನ್ನು ಉದಾಹರಣೆಯಾಗಿ ನೋಡಬಹುದು. ಅದರ ಪರೀಕ್ಷೆಗಳು ಹಲವು ಪ್ರಶ್ನೆಗಳನ್ನು ನಡೆಸಿ, ಬಂದ ಉತ್ತರವನ್ನು ಮೊದಲೇ ಬರೆದಿಟ್ಟ ನಿರೀಕ್ಷಿತ ಪಾಠದೊಡನೆ ಹೋಲಿಸುತ್ತವೆ. 2004ರಿಂದ ಸ್ವಯಂಸೇವಕರ ಬಗೆಬಗೆಯ ಯಂತ್ರಗಳಲ್ಲಿ ಈ ಕೆಲಸ ನಡೆದುಬಂದಿದೆ. ಪ್ರತಿಯೊಂದು ಯಂತ್ರಕ್ಕೂ ಒಂದು ಪ್ರಾಣಿಯ ಹೆಸರು. ಜಾನಪದ ಅಭ್ಯಾಸಿಗೆ ಇದು ಅಪರಿಚಿತ ಲೋಕವೆನಿಸದು. ನೂರು ಬಾರಿ ಸರಿಯಾಗಿದ್ದ ಪರೀಕ್ಷೆ ನೂರೊಂದನೆಯ ಬಾರಿ ತಪ್ಪಿದರೆ ಮತ್ತೊಮ್ಮೆ ನಡೆಸಿ ಮರೆತುಬಿಡುವುದು ಸುಲಭ. ಆದರೆ ಆ ಒಂದು ತಪ್ಪಿನ ಹಿಂದೆ ದತ್ತಾಂಶವನ್ನೇ ಕೆಡಿಸಬಲ್ಲ ದೋಷ ಅಡಗಿರಲು ಸಾಧ್ಯ.

ಎಲ್ಲ ವ್ಯತ್ಯಾಸಗಳೂ ದೋಷಗಳಲ್ಲ. ಕ್ರಮವನ್ನು ಪ್ರಶ್ನೆಯಲ್ಲಿಯೇ ವಿಧಿಸದಿದ್ದರೆ ಸಾಲುಗಳು ಇಂಥದೇ ಕ್ರಮದಲ್ಲಿ ಬರುತ್ತವೆಂದು ಎಸ್‌ಕ್ಯೂಎಲ್ ಭಾಷೆ ಭರವಸೆ ಕೊಡುವುದಿಲ್ಲ. 2008ರ 8.3ನೆಯ ಆವೃತ್ತಿಯಲ್ಲಿ ದೊಡ್ಡ ಕೋಷ್ಟಕವೊಂದನ್ನು ಒಬ್ಬರು ಓದುತ್ತಿರುವಾಗ ಬಂದ ಎರಡನೆಯವರು ನಡುವಿನಿಂದಲೇ ಜೊತೆಗೂಡಿ, ಕೊನೆ ಮುಟ್ಟಿದ ಬಳಿಕ ಬಿಟ್ಟುಹೋದ ಮೊದಲ ಭಾಗವನ್ನು ಓದುವ ವ್ಯವಸ್ಥೆ ಬಂದಿತು. ಸಾಲುಗಳು ಅವೇ, ಆರಂಭ ಮಾತ್ರ ಬೇರೆ. ಇಲ್ಲಿ ತಿದ್ದಬೇಕಾದುದು ಪರೀಕ್ಷೆಯನ್ನೇ ಹೊರತು ತಂತ್ರಾಂಶವನ್ನಲ್ಲ. ಹಿನ್ನೆಲೆಯಲ್ಲಿ ತಾನಾಗಿಯೇ ನಡೆಯುವ ಅಂಕಿಅಂಶ ಸಂಗ್ರಹವೂ ಪ್ರಶ್ನೆಯ ನಿರ್ವಹಣಾ ಮಾರ್ಗವನ್ನು ಹೀಗೆಯೇ ಬದಲಿಸಬಲ್ಲದು.

ಎರಡು ವ್ಯವಹಾರಗಳು ಕ್ಷಣಾರ್ಧದಲ್ಲಿ ಒಂದನ್ನೊಂದು ಅಡ್ಡಹಾಯುವುದರಿಂದ ಹುಟ್ಟುವ ದೋಷ ಮಾತ್ರ ನಿಜವಾದ ದೋಷ. ಹೊರನೋಟಕ್ಕೆ ಅದೂ ಒಂದು ಸಾಲಿನ ವ್ಯತ್ಯಾಸವೇ. ಆದುದರಿಂದ ಮೊದಲು ಸಂದರ್ಭವನ್ನು ದಾಖಲಿಸಬೇಕು: ವೈಫಲ್ಯ ಯಾವ ಯಂತ್ರದ್ದು, ನಿಧಾನವಾದ ಯಂತ್ರಗಳಲ್ಲಿ ಮಾತ್ರವೇ, ಒಂದು ಬಗೆಯ ಪ್ರೊಸೆಸರ್‌ನಲ್ಲಿ ಮಾತ್ರವೇ, ಯಾವ ತಿದ್ದುಪಡಿಯ ನಂತರ? ಬಳಿಕ ಅಪರೂಪವಾದುದನ್ನು ಬೇಕೆಂದೇ ಪದೇ ಪದೇ ಆಗುವಂತೆ ಮಾಡಬೇಕು. ಕೆಲವು ಯಂತ್ರಗಳು ತಾತ್ಕಾಲಿಕ ನೆನಪನ್ನು ಅವಕಾಶ ಸಿಕ್ಕಾಗಲೆಲ್ಲ ಅಳಿಸುತ್ತ ಪರೀಕ್ಷೆ ನಡೆಸಿವೆ. ಅದಕ್ಕೆ ಹಿಡಿಯುವ ಕಾಲ ಬಹಳ. 2024ರ 17ನೆಯ ಆವೃತ್ತಿಯಿಂದ ಪ್ರಕ್ರಿಯೆಯನ್ನು ಗೊತ್ತುಪಡಿಸಿದ ಜಾಗದಲ್ಲಿ ತಡೆದು ನಿಲ್ಲಿಸುವ ಸೌಲಭ್ಯವೂ ಇದೆ.

ಒಂದು ಪರೀಕ್ಷೆಗೆ ಎರಡು ನಿರೀಕ್ಷಿತ ಪಾಠಗಳನ್ನಿಡಲು ಅವಕಾಶವುಂಟು. ಕಾರಣ ತಿಳಿಯುವ ಮೊದಲೇ ಎರಡನೆಯದನ್ನು ಸೇರಿಸುವುದು ಲಿಪಿಕಾರನ ತಪ್ಪನ್ನು ಪಾಠಾಂತರವೆಂದು ಅಚ್ಚುಮಾಡಿದಂತೆಯೇ ಎಂಬುದು ನನ್ನ ಅಭಿಪ್ರಾಯ. ಪರೀಕ್ಷೆಯ ನಡುವೆ ಇನ್ನಷ್ಟು ಸೆಕೆಂಡು ಕಾಯಿಸುವುದೂ ಪರಿಹಾರವಲ್ಲ. ಕಾಯಬೇಕಾದುದು ಗಡಿಯಾರಕ್ಕಲ್ಲ, ಹಿಂದಿನ ಕೆಲಸ ಮುಗಿದ ಸೂಚನೆಗೆ.