ಒತ್ತುವುದಕ್ಕಿಂತ ಬಿಡುವುದು ಕಷ್ಟ

ಕಳಸದಿಂದ ಎದೆನೋವಿನವರು ನಮ್ಮ ಮೂಡಿಗೆರೆ ಆಸ್ಪತ್ರೆಗೆ ಹೊರಟರೆ ಕೊಟ್ಟಿಗೆಹಾರದ ಮಂಜು, ತಿರುವುಗಳಲ್ಲೇ ಹೊತ್ತು ಹೋಗಿಬಿಡುತ್ತದೆ. ಹಾಗಾಗಿ ಇಲ್ಲಿಗೆ ಬರುವ ಹೊಸ ಡಾಕ್ಟರುಗಳಿಗೆ ನರ್ಸ್ ಆದ ನಾನು ಮೊದಲು ಮಾಡಿಸುವುದು ಸಿಪಿಆರ್, ನಿಂತ ಹೃದಯದ ಕೆಲಸವನ್ನು ಕೈಯಿಂದ ನಡೆಸುವುದು. ಬೊಂಬೆಯನ್ನು ನೆಲದ ಮೇಲೆ ಮಲಗಿಸಿ, "ಮೊಣಕೈ ಮಡಚಬೇಡಿ ಡಾಕ್ಟ್ರೇ, ಮೈಭಾರ ಬಿಡಿ" ಅನ್ನುತ್ತೇನೆ.

ಎದೆಮೂಳೆಯ ಕೆಳಭಾಗದಲ್ಲಿ 5ರಿಂದ 6 ಸೆಂಟಿಮೀಟರ್ ಆಳ, ನಿಮಿಷಕ್ಕೆ 100ರಿಂದ 120 ಸಲ. 30 ಒತ್ತಿಗೆ 2 ಉಸಿರು. ಒತ್ತುವುದು ಬೇಗ ಬರುತ್ತದೆ, ಬಿಡುವುದು ಬರುವುದಿಲ್ಲ. ಎದೆ ಪೂರ್ತಿ ಮೇಲೇಳದಿದ್ದರೆ ಹೃದಯಕ್ಕೆ ರಕ್ತ ಸರಿಯಾಗಿ ತುಂಬುವುದಿಲ್ಲ. 2 ನಿಮಿಷಕ್ಕೊಮ್ಮೆ ಒತ್ತುವವರು ಬದಲಾಗಲೇಬೇಕು. ಕೈ ಸೋತದ್ದು ಒತ್ತುವವರಿಗೇ ತಿಳಿಯುವುದಿಲ್ಲ.

ಮೊನ್ನೆ ಬಂದ ಡಾಕ್ಟರಮ್ಮನ ಬೆವರು ಬೊಂಬೆಯ ಮೇಲೆ ತೊಟ್ಟಿಕ್ಕುತ್ತಿತ್ತು, ಎಣಿಕೆ ಮಾತ್ರ ತಪ್ಪಲಿಲ್ಲ. ಅಂಗೈ ಉಜ್ಜಿಕೊಂಡು, "ಸಿಸ್ಟರ್, ಇನ್ನೊಂದು ಸಲ ಮಾಡ್ತೀನಿ" ಅಂದರು.