ಕೊನೆಯ ನೆಲ: ಠಾಣೆಯಿಂದ ನವಿಮುಂಬಯಿವರೆಗೆ

ಮೃತದೇಹಕ್ಕೆ ರಾಸಾಯನಿಕ ಚುಚ್ಚದೆ, ಮಣ್ಣಾಗದ ಪೆಟ್ಟಿಗೆ ಬಳಸದೆ, ಮೇಲೆ ಸಿಮೆಂಟಿನ ಕಟ್ಟೆ ಕಟ್ಟದೆ ನೇರವಾಗಿ ಮಣ್ಣಿಗೆ ಒಪ್ಪಿಸುವ ಕ್ರಮವನ್ನು ಈಗ ಸಹಜ ಸಮಾಧಿ ಎಂದು ಕರೆಯುತ್ತಾರೆ. ಇಂಗ್ಲೆಂಡಿನ ಕಾರ್ಲೈಲ್ ಪಟ್ಟಣದಲ್ಲಿ 1993ರಲ್ಲಿ ಇದಕ್ಕಾಗಿಯೇ ಜಾಗ ಮೀಸಲಿಟ್ಟ ಮೇಲೆ ಪಶ್ಚಿಮದ ದೇಶಗಳಲ್ಲಿ ಅದು ಹೊಸ ಚಳವಳಿಯಾಯಿತು. ಕನ್ನಡಿಗರಿಗೆ ಇದು ಹೊಸದಲ್ಲ. ವಿಜಯಪುರ, ಕಲಬುರಗಿ, ಸೊಲ್ಲಾಪುರದ ಕಡೆಯಿಂದ ಮುಂಬಯಿ ಬಳಿಯ ಕಲ್ಯಾಣ, ಡೊಂಬಿವಲಿಗೆ ಬಂದು ನೆಲೆಸಿದ ಲಿಂಗಾಯತ ಕುಟುಂಬಗಳು ತಲೆಮಾರುಗಳಿಂದ ಮಾಡುತ್ತ ಬಂದಿರುವುದು ಇದನ್ನೇ.

ಲಿಂಗಾಯತರ ಕ್ರಿಯಾಸಮಾಧಿಯಲ್ಲಿ ದೇಹವನ್ನು ಮಲಗಿಸುವುದಿಲ್ಲ. ಸ್ನಾನ ಮಾಡಿಸಿ, ವಿಭೂತಿ ಹಚ್ಚಿ, ಕೂರಿಸಿಯೇ ವಿಮಾನವೆಂಬ ಚಟ್ಟದಲ್ಲಿ ಒಯ್ಯುತ್ತಾರೆ. ಗುಂಡಿಯನ್ನು ಮೃತರ ಪಾದದ ಅಳತೆಯಿಂದಲೇ ತೋಡುವ ವಾಡಿಕೆ ಹಲವೆಡೆ ಇದೆ. ಅದರ ಒಂದು ಬದಿಯಲ್ಲಿ ಗೂಡು ಕೊರೆದು, ದೇಹವನ್ನು ಅಲ್ಲಿ ಕೂರಿಸಿ, ಅಂಗೈಯಲ್ಲಿ ಇಷ್ಟಲಿಂಗವಿಟ್ಟು, ವಿಭೂತಿ ಮತ್ತು ಬಿಲ್ವಪತ್ರೆ ತುಂಬಿ ಮಣ್ಣು ಮುಚ್ಚುತ್ತಾರೆ. ಇದರಲ್ಲಿ ಮಣ್ಣಿಗೆ ಹೊರತಾದ ವಸ್ತು ಬಹಳ ಕಡಿಮೆ. ಕಫನ್ ಸುತ್ತಿ ದಫನ್ ಮಾಡುವ ಮುಸ್ಲಿಮರ ಪದ್ಧತಿಯೂ ಇದಕ್ಕೆ ಹತ್ತಿರದ್ದು. ಪಕ್ಕದ ವಸಯಿಯ ಕೆಲವು ಕ್ಯಾಥೊಲಿಕ್ ಚರ್ಚುಗಳು ಪೆಟ್ಟಿಗೆ ಬಿಟ್ಟು ಬಟ್ಟೆ ಸುತ್ತಿ ಹೂಳುವುದನ್ನು ಇತ್ತೀಚಿನ ವರ್ಷಗಳಲ್ಲಿ ಒಪ್ಪಿಕೊಂಡಿವೆ. ಪೆಟ್ಟಿಗೆಯಿಲ್ಲದ ದೇಹ ಬೇಗ ಮಣ್ಣಾಗುತ್ತದೆ, ಅದೇ ಗುಂಡಿ ಮತ್ತೊಬ್ಬರಿಗೆ ಬೇಗ ಒದಗುತ್ತದೆ. ಜಾಗವೇ ಇಲ್ಲದ ಈ ಪಟ್ಟಣಗಳಲ್ಲಿ ಇದು ದೊಡ್ಡ ಮಾತು.

ಸ್ವಂತ ನೆಲದಲ್ಲಿಯೇ ಅಂತ್ಯಕ್ರಿಯೆ ಮಾಡುವುದು ಕನ್ನಡ ನಾಡಿನ ಇನ್ನೊಂದು ರೂಢಿ. ಹೊಲದ ಬದುವಿನಲ್ಲಿ ಹಿರಿಯರ ಸಮಾಧಿ ಇರುವುದು ಉತ್ತರ ಕರ್ನಾಟಕದಲ್ಲಿ ಸಾಮಾನ್ಯ. ತುಳುನಾಡಿನಲ್ಲಿ ಮನೆಯ ಹಿತ್ತಲಿನಾಚೆ, ತಮ್ಮದೇ ಜಾಗದ ಮಾವಿನ ಮರ ಕಡಿದು ಚಿತೆ ಒಟ್ಟುವ ಮನೆತನಗಳು ಈಗಲೂ ಇವೆ. ಕುವೆಂಪು ಅವರ ಅಂತ್ಯಕ್ರಿಯೆ 1994ರಲ್ಲಿ ನಡೆದದ್ದೂ ಅವರ ಮನೆತನದ ಊರಾದ ಕುಪ್ಪಳಿಯ ಕವಿಶೈಲದಲ್ಲಿ.

ಡೊಂಬಿವಲಿಯ ಫ್ಲ್ಯಾಟಿನಲ್ಲಿ ಬದುಕುವವರಿಗೆ ಈ ದಾರಿ ಇಲ್ಲ. ಸೊಸೈಟಿಯ ಆವರಣವಿರಲಿ, ನಗರದಲ್ಲಿರುವ ಸ್ವಂತ ಬಂಗಲೆಯ ಅಂಗಳವಿರಲಿ, ಹೂಳಲು ಅಥವಾ ಸುಡಲು ಬರುವುದಿಲ್ಲ. ಠಾಣೆ, ಕಲ್ಯಾಣ-ಡೊಂಬಿವಲಿ ಮತ್ತು ನವಿಮುಂಬಯಿ ಮಹಾನಗರಪಾಲಿಕೆಗಳಿಗೆ ಅನ್ವಯಿಸುವ 1949ರ ಕಾಯ್ದೆಯ ಪ್ರಕಾರ ಶವಸಂಸ್ಕಾರ ನಡೆಯಬೇಕಾದದ್ದು ನೋಂದಾಯಿತ ಸ್ಥಳದಲ್ಲಿ. ಹಳ್ಳಿಯಲ್ಲಿಯೂ ಸ್ವಂತ ಜಮೀನೆಂಬುದೊಂದೇ ಸಾಲದು. ಛತ್ತೀಸಗಢದ ಬಸ್ತರ್‌ನ ಒಬ್ಬ ಕ್ರೈಸ್ತ ಮಗ ತನ್ನ ತಂದೆಯನ್ನು ಸ್ವಂತ ಹೊಲದಲ್ಲಿ ಹೂಳಲು ಸುಪ್ರೀಂ ಕೋರ್ಟಿನವರೆಗೆ ಹೋಗಬೇಕಾಯಿತು. 2025ರ ಜನವರಿ 27ರಂದು ನ್ಯಾಯಮೂರ್ತಿ ಬಿ.ವಿ. ನಾಗರತ್ನ ಹೊಲದಲ್ಲಿ ಹೂಳಬಹುದೆಂದರು, ಪೀಠದ ಇನ್ನೊಬ್ಬ ನ್ಯಾಯಮೂರ್ತಿ ಒಪ್ಪಲಿಲ್ಲ. ಕೊನೆಗೆ ದೂರದ ಕ್ರೈಸ್ತ ಸ್ಮಶಾನದಲ್ಲಿ ಹೂಳಲು ಇಬ್ಬರೂ ಸೇರಿ ಆದೇಶಿಸಿದರು. ಅಷ್ಟರಲ್ಲಿ ದೇಹ ಸುಮಾರು ಮೂರು ವಾರ ಶವಾಗಾರದಲ್ಲಿತ್ತು. ಯಾವ ಕುಟುಂಬಕ್ಕೂ ಈ ಯಾತನೆ ಬರಬಾರದು.

ಉಳಿಯುವುದು ಪಾಲಿಕೆಯ ಸ್ಮಶಾನಭೂಮಿ ಮತ್ತು ಸಮುದಾಯದ ರುದ್ರಭೂಮಿ. ಠಾಣೆಯಲ್ಲಿ ಜವಾಹರ್‌ಬಾಗ್, ಕಲ್ಯಾಣದಲ್ಲಿ ಲಾಲ್ ಚೌಕಿ ಮತ್ತು ಬೈಲ್ ಬಜಾರ್, ಡೊಂಬಿವಲಿಯಲ್ಲಿ ಪಾಥರ್ಲಿ ಮತ್ತು ಶಿವಮಂದಿರ ಹೆಚ್ಚು ಜನ ಬಲ್ಲ ಸ್ಮಶಾನಗಳು. ಕಟ್ಟಿಗೆಯ ಒಂದು ಚಿತೆಗೆ ಸುಮಾರು 300ರಿಂದ 400 ಕಿಲೋ ಸೌದೆ ಬೇಕು. ಅನಿಲ ಅಥವಾ ವಿದ್ಯುತ್ ಚಿತಾಗಾರ ಆ ಮರವನ್ನು ಉಳಿಸುತ್ತದೆ, ಮಳೆಗಾಲದಲ್ಲಿ ಒದ್ದೆ ಸೌದೆಯ ಪಾಡೂ ಇಲ್ಲ. ಅಸ್ಥಿಯನ್ನು ನದಿಗೆ ಬಿಡುವ ಬದಲು ಬೂದಿಯನ್ನು ಹೊಲದ ಗುಂಡಿಯಲ್ಲಿ ಹಾಕಿ ಗಿಡ ನೆಡುವುದನ್ನು ಮಹಾರಾಷ್ಟ್ರದ ಹಲವು ಹಳ್ಳಿಗಳವರು ಆರಂಭಿಸಿದ್ದಾರೆ. ಇದು ಅನುಸರಿಸಬೇಕಾದ ಕ್ರಮ. ಹೂಳುವ ಸಂಪ್ರದಾಯದವರು ಮಾತ್ರ ತಮ್ಮ ವಾರ್ಡಿನ ಸಮೀಪ ಕ್ರಿಯಾಸಮಾಧಿಗೆ ಜಾಗ ಎಲ್ಲಿದೆ, ಗುಂಡಿ ತೋಡುವವರು ಯಾರು, ಜಂಗಮರು ಎಲ್ಲಿ ಸಿಗುತ್ತಾರೆ ಎಂಬುದನ್ನು ಸಮಾಜದ ಹಿರಿಯರಲ್ಲಿ ಮೊದಲೇ ಕೇಳಿಟ್ಟುಕೊಳ್ಳಬೇಕು. ಸಾವಿನ ದಿನ ಕೇಳಿದರೆ ತಡ.

ಮನೆಯಲ್ಲಿ ಸಹಜವಾಗಿ ತೀರಿಕೊಂಡರೆ ಮೊದಲ ಕೆಲಸ ವೈದ್ಯರಿಂದ ಸಾವಿನ ಕಾರಣದ ಪ್ರಮಾಣಪತ್ರ ಪಡೆಯುವುದು. ಇದು ನಮೂನೆ 4ಎ. ಆಸ್ಪತ್ರೆಯಲ್ಲಾದರೆ ನಮೂನೆ 4 ಅನ್ನು ಅವರೇ ಕೊಡುತ್ತಾರೆ. ಇಷ್ಟು ದಿನ ನೋಡುತ್ತಿದ್ದ ವೈದ್ಯರೇ ಬಂದು ಸಹಿ ಹಾಕುವರೇ ಎಂದು, ಹಾಸಿಗೆ ಹಿಡಿದ ಹಿರಿಯರಿರುವ ಮನೆಯವರು ಮುಂಚಿತವಾಗಿ ವಿಚಾರಿಸಬೇಕು. ಈ ಕಾಗದವಿಲ್ಲದೆ ಸ್ಮಶಾನದಲ್ಲಿ ಕೆಲಸ ಮುಂದೆ ಸಾಗುವುದಿಲ್ಲ. ಅಪಘಾತ, ಆತ್ಮಹತ್ಯೆ ಅಥವಾ ಅನುಮಾನದ ಸಾವಾದರೆ ಪೊಲೀಸರಿಗೆ ತಿಳಿಸಲೇಬೇಕು. 1969ರ ಜನನ ಮರಣ ನೋಂದಣಿ ಕಾಯ್ದೆಯ ಪ್ರಕಾರ ಸಾವನ್ನು 21 ದಿನಗಳೊಳಗೆ ನೋಂದಾಯಿಸಬೇಕು.

ದೇಹವನ್ನು ಊರಿಗೆ ಒಯ್ದು ಹೊಲದಲ್ಲಿ ಮಣ್ಣು ಮಾಡಲು ಬಯಸುವವರು ಒಂದು ಸಂಗತಿ ನೆನಪಿಡಬೇಕು: ನೋಂದಣಿ ಆಗುವುದು ಸಾವು ಸಂಭವಿಸಿದ ಊರಿನಲ್ಲಿ, ಹೂಳಿದ ಊರಿನಲ್ಲಲ್ಲ. ಡೊಂಬಿವಲಿಯಲ್ಲಿ ತೀರಿಕೊಂಡವರನ್ನು ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನಲ್ಲಿ ಹೂಳಿದರೂ ಮರಣಪತ್ರ ಕೊಡುವುದು ಕಲ್ಯಾಣ-ಡೊಂಬಿವಲಿ ಪಾಲಿಕೆಯೇ. ಆದ್ದರಿಂದ ಹೊರಡುವ ಮುನ್ನ ವೈದ್ಯರ ಪ್ರಮಾಣಪತ್ರದ ಪ್ರತಿ ಕೈಯಲ್ಲಿರಲಿ. ಬ್ಯಾಂಕು, ವಿಮೆ, ಪಿಂಚಣಿ ಎಲ್ಲದಕ್ಕೂ ಆಮೇಲೆ ಬೇಕಾಗುವುದು ಆ ಮರಣಪತ್ರವೇ.

ಅಂತ್ಯಕ್ರಿಯೆ ಹೇಗಾಗಬೇಕೆಂದು ಬದುಕಿರುವಾಗಲೇ ಹೇಳುವುದನ್ನು ಅಪಶಕುನವೆಂದು ತಡೆಯುವ ಮನೆಗಳು ಹೆಚ್ಚು. ಆದರೆ ವಿಜಯಪುರದ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿ 2014ರ ಗುರುಪೂರ್ಣಿಮೆಯಂದೇ ಅಂತಿಮ ಅಭಿವಂದನ ಪತ್ರ ಬರೆದಿಟ್ಟರು. ತಮ್ಮ ದೇಹವನ್ನು ಹೂಳದೆ ಅಗ್ನಿಗೆ ಅರ್ಪಿಸಬೇಕು, ಬೂದಿಯನ್ನು ನದಿಗೋ ಸಾಗರಕ್ಕೋ ಬಿಡಬೇಕು, ಸ್ಮಾರಕ ಕಟ್ಟಬಾರದು ಎಂಬುದು ಅವರ ಇಚ್ಛೆ. 2023ರ ಜನವರಿ 2ರಂದು ಅವರು ಲಿಂಗೈಕ್ಯರಾದಾಗ ಲಕ್ಷಾಂತರ ಭಕ್ತರು ಸೇರಿದ್ದರೂ ಗೊಂದಲವಾಗಲಿಲ್ಲ. ರೂಢಿಗೆ ಭಿನ್ನವಾದ ಇಚ್ಛೆಯೂ ನೆರವೇರಿತು, ಏಕೆಂದರೆ ಅದು ಬರವಣಿಗೆಯಲ್ಲಿತ್ತು.

ದೇಹದಾನ ಮಾಡುವವರಿಗೆ ಇಂಥ ಬರವಣಿಗೆ ಇನ್ನಷ್ಟು ಅಗತ್ಯ. ಡೊಂಬಿವಲಿಯ ದಧೀಚಿ ದೇಹದಾನ ಮಂಡಳ ಈ ಕೆಲಸಕ್ಕೆ ಹೆಸರಾದ ಸಂಸ್ಥೆ. ಕಳ್ವೆ ಮತ್ತು ನೆರೂಳಿನಲ್ಲಿ ವೈದ್ಯಕೀಯ ಕಾಲೇಜುಗಳಿವೆ. ಆದರೆ ಸಂಕಲ್ಪಪತ್ರ ತುಂಬಿದ ಮಾತ್ರಕ್ಕೆ ದಾನ ಪೂರ್ಣವಾಗುವುದಿಲ್ಲ, ಸಾವಿನ ನಂತರ ದೇಹವನ್ನು ಒಪ್ಪಿಸಬೇಕಾದವರು ಮನೆಯವರೇ. ಮರಣೋತ್ತರ ಪರೀಕ್ಷೆಯಾದ ದೇಹವನ್ನು ಕಾಲೇಜುಗಳು ಸಾಮಾನ್ಯವಾಗಿ ತೆಗೆದುಕೊಳ್ಳುವುದಿಲ್ಲವಾದ್ದರಿಂದ ಎರಡನೆಯ ಆಯ್ಕೆಯನ್ನೂ ಬರೆದಿಡುವುದು ಒಳ್ಳೆಯದು. ಹೂಳಬೇಕೋ ಸುಡಬೇಕೋ ದಾನ ಮಾಡಬೇಕೋ, ಎಲ್ಲಿ, ಯಾರಿಗೆ ಮೊದಲು ಫೋನ್ ಮಾಡಬೇಕು ಎಂಬಷ್ಟನ್ನು ಒಂದು ಹಾಳೆಯಲ್ಲಿ ಬರೆದು, ಆಧಾರ್ ಪ್ರತಿಯ ಜೊತೆಗಿಟ್ಟು, ಮಕ್ಕಳಿಗೆ ಮಾತ್ರವಲ್ಲದೆ ಪಕ್ಕದ ಮನೆಯ ಒಬ್ಬರಿಗಾದರೂ ತಿಳಿಸಿಡಬೇಕು. ಮಕ್ಕಳು ಬೆಂಗಳೂರಿನಲ್ಲೋ ಹೊರದೇಶದಲ್ಲೋ ಇರುವ ಮನೆಗಳಲ್ಲಿ ಮೊದಲು ಬಾಗಿಲಿಗೆ ಬರುವವರು ಆ ನೆರೆಯವರೇ.