ದಾಳಿಂಬೆ ಅರವತ್ತು, ಅರಿಶಿನ ನಲವತ್ತು

ಗಜೇಂದ್ರಗಡದ ಪಟ್ಟೇದ ಅಂಚಿನ ಸೀರೆಯಲ್ಲಿ ಬಣ್ಣಗಳು ಬೆರಳೆಣಿಕೆಯವು: ಅರಿಶಿನ, ದಾಳಿಂಬೆ ಕೆಂಪು, ಇಟ್ಟಂಗಿ. ಚೌಕಳಿ ಮೈ, ಅಗಲವಾದ ಅಂಚು. ಎರಡೂ ಬದಿ ಒಂದೇ ಥರ, ಯಾವುದನ್ನು ಹೊರಗೆ ಮಾಡಿ ಉಟ್ಟರೂ ನಡೆಯುತ್ತದೆ. ಸವದತ್ತಿ ಯಲ್ಲಮ್ಮನಿಗೆ ಅರ್ಪಿಸುತ್ತಿದ್ದ ಸೀರೆಯಿದು. ರೋಣ, ನರಗುಂದದ ಎರೆಹೊಲಗಳ ಹತ್ತಿಸೀಮೆಗೆ ಒಪ್ಪುವ ಬಟ್ಟೆ. ಕಣ್ಮರೆಯಾಗುವ ಹಂತ ಮುಟ್ಟಿ ಈಚೆಗೆ ಮತ್ತೆ ಮಗ್ಗ ಹತ್ತಿದೆ.

ಬಣ್ಣ ಕಡಿಮೆಯಿದ್ದರೂ ಛಾಯೆ ಕಡಿಮೆಯಿಲ್ಲ. ಕೆಂಪು ಹಾಸಿನ ಮೇಲೆ ಕೆಂಪು ಹೊಕ್ಕು ಬಿದ್ದರೆ ಅಚ್ಚ ಕೆಂಪು; ಅರಿಶಿನದ ಲಾಳಿ ಓಡಿದರೆ ಅಲ್ಲೊಂದು ಹೊಸ ಬಣ್ಣ. ಮೂರು ಬಣ್ಣದ ನೂಲು ಹಾಸಿಗೂ ಹೊಕ್ಕಿಗೂ ಬಂದರೆ ಬಟ್ಟೆಯಲ್ಲಿ ಆರು ಛಾಯೆ ಮೂಡುತ್ತವೆ.

ಬಣ್ಣ ಬೆರೆಸುವ ಇಂಥದೇ ಲೆಕ್ಕ ಕಂಪ್ಯೂಟರಿನ ಅಕ್ಷರಜೋಡಣೆಯಲ್ಲೂ ಇದೆ. ಡೊನಾಲ್ಡ್ ನೂತ್ ಕಟ್ಟಿದ ಟೆಕ್ ವ್ಯವಸ್ಥೆಯಲ್ಲಿ ಚಿತ್ರವನ್ನು ಮೌಸ್ ಹಿಡಿದು ಎಳೆಯುವುದಿಲ್ಲ, ಸಾಲುಗಳಲ್ಲಿ ಬರೆಯುತ್ತಾರೆ. ಅದಕ್ಕೆ ಟಿಲ್ ಟಾಂಟೌ ರೂಪಿಸಿದ ಟಿಕ್ಝ್ ಇದೆ. ಬಣ್ಣಕ್ಕೆ ಉವೆ ಕೆರ್ನ್ ಅವರ ಎಕ್ಸ್‌ಕಲರ್. ಕೆಂಪು, ಹಸಿರು, ನೀಲಿ ಬೆಳಕಿನ ಪ್ರಮಾಣವನ್ನು 0ಯಿಂದ 255ರೊಳಗೆ ಹೇಳಿ ಬಣ್ಣಕ್ಕೆ ಹೆಸರಿಡಬೇಕು. ಟೆಕ್‌ನ ಯುನಿಕೋಡ್ ಬಲ್ಲ ರೂಪವಾದ ಲುವಾಲೇಟೆಕ್‌ನಲ್ಲಿ ಆ ಹೆಸರು ಕನ್ನಡದ್ದೇ ಆಗಬಹುದು. ನಾನು ದಾಳಿಂಬೆಗೆ 150, 30, 50 ಎಂದೂ ಅರಿಶಿನಕ್ಕೆ 230, 180, 40 ಎಂದೂ ಇಟ್ಟುಕೊಂಡೆ. ಬೆರಕೆಯನ್ನು ಹೀಗೆ ಬರೆಯುವುದು:

ದಾಳಿಂಬೆ!60!ಅರಿಶಿನ

ಅರವತ್ತು ಪಾಲು ಮೊದಲಿನದು, ಉಳಿದ ನಲವತ್ತು ಎರಡನೆಯದು. ಉತ್ತರ 182, 90, 46. ಪರದೆಯ ಮೇಲೆ ಅದು ಸುಟ್ಟ ಇಟ್ಟಂಗಿ! ಸೀರೆಯ ಮೂರನೆಯ ಬಣ್ಣ ಮೊದಲೆರಡರ ಬೆರಕೆಯಿಂದಲೇ ಒದಗಿದ್ದು ನನಗೆ ಬಹಳ ಖುಷಿ ಕೊಟ್ಟಿತು. ಎರಡನೆಯ ಹೆಸರು ಬಿಟ್ಟು ದಾಳಿಂಬೆ!30 ಎಂದಷ್ಟೇ ಬರೆದರೆ ಉಳಿದ ಪಾಲು ಬಿಳಿ. ಒಗೆದು ಒಗೆದು ಮಾಸಿದ ಕೆಂಪು ಸಿಗುತ್ತದೆ.

ಆದರೆ ಪರದೆಯ ಸರಾಸರಿಯೂ ಮಗ್ಗದ ಸರಾಸರಿಯೂ ಒಂದೇ ಅಲ್ಲ. ಪರದೆಯಲ್ಲಿ 128 ಎಂದರೆ ಅರ್ಧ ಬೆಳಕಲ್ಲ, ಪೂರ್ಣ ಬೆಳಕಿನ ಸುಮಾರು 22 ಪ್ರತಿಶತ. ದೂರದಿಂದ ನೋಡುವ ಕಣ್ಣು ಎರಡು ಎಳೆಗಳ ಬೆಳಕನ್ನು ಕೂಡಿಸುತ್ತದೆ, ಅಂಕಿಗಳನ್ನಲ್ಲ. ಈ ಎರಡು ಬಣ್ಣಗಳನ್ನು ಸಮಪಾಲು ಬೆರೆಸಿದರೆ ಎಕ್ಸ್‌ಕಲರ್ ಹಸಿರಿನ ಅಂಕಿಯನ್ನು 105 ಎನ್ನುತ್ತದೆ. ಬೆಳಕಿನ ಲೆಕ್ಕ ಹಿಡಿದರೆ ಅದು 133. ಅಂಕಿಯ ಬೆರಕೆ ಬಟ್ಟೆಗಿಂತ ಕಪ್ಪಾಗಿ ಕಾಣಲು ಇದೇ ಕಾರಣ. ಹಾಗಾಗಿ ಚೌಕಳಿಯ ನಕ್ಷೆ ಮಾಡುವವರು ಬೆರಕೆಯನ್ನು ತಂತ್ರಾಂಶಕ್ಕೆ ಬಿಡದೆ ಹಾಸು, ಹೊಕ್ಕಿನ ಎಳೆಗಳನ್ನೇ ಬೇರೆಬೇರೆ ಗೆರೆಗಳಾಗಿ ಬರೆಯುವುದು ಒಳ್ಳೆಯದು. ಬಣ್ಣ ಕೂಡಿಸುವ ಕೆಲಸವನ್ನು ಕಣ್ಣೇ ಮಾಡಿಕೊಳ್ಳುತ್ತದೆ.

ಫೋಟೋದಲ್ಲಿ ಸೀರೆಯ ರೂಪ ಉಳಿಯುತ್ತದೆ, ಲೆಕ್ಕ ಉಳಿಯುವುದಿಲ್ಲ. ಸಾಲುಗಳಲ್ಲಿ ಬರೆದ ನಕ್ಷೆಯಲ್ಲಿ ಯಾವ ಬಣ್ಣ, ಚೌಕಕ್ಕೆ ಎಷ್ಟು ಎಳೆ, ಅಂಚು ಎಲ್ಲಿಂದ ಶುರು ಎಲ್ಲವೂ ದಾಖಲಾಗುತ್ತದೆ. ಬಣ್ಣಕ್ಕೆ ಹೆಸರಿಟ್ಟ ಒಂದೇ ಸಾಲಿನಲ್ಲಿ ದಾಳಿಂಬೆಯ ಅಂಕಿ ತಿದ್ದಿದರೆ ಸೀರೆಯುದ್ದಕ್ಕೂ ಕೆಂಪು ಬದಲಾಗುತ್ತದೆ. ನನ್ನ ಅಂಕಿಗಳು ಅಂದಾಜಿನವು. ನಿಜವಾದವು ಸಿಗಬೇಕಾದರೆ ಇನ್ನೂ ನೀರು ಕಾಣದ ನೂಲನ್ನು ಹಗಲು ಬೆಳಕಿನಲ್ಲಿ ಅಳೆಯಬೇಕು, ಪ್ರತಿ ಬಣ್ಣಕ್ಕೂ ನೇಕಾರರು ಕರೆಯುವ ಹೆಸರನ್ನೇ ಇಡಬೇಕು.